ಮಿಷನ್ ರಿಪೇರಿ ಶಂಶಾದಮ್ಮ

ಶಂಶಾದಮ್ಮನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿಕೊಂಡು ಎರಡು ಭಾಗವಾಗಿ ಬೆಳೆಯುತ್ತಿತ್ತು. ಹೊಲಿಗೆ ಮಿಷನ್ನಿನ ಸೂಜಿ ಒಮ್ಮೆ ಉಗುರಿನ ಮೇಲೆ ಇಳಿದು ಬೆರಳಿನ ಆ ಕಡೆ ಬಂದಿತ್ತಂತೆ. ಹೊಸದಾಗಿ ಮಿಷನ್ ಮುಂದೆ ಕೂತವರು ಯಾರೇ ಆಗಲಿ, ಶಂಶಾದಮ್ಮ ಮೊದಲು ತೋರಿಸುತ್ತಿದ್ದದ್ದು ಆ ಉಗುರನ್ನು. ಬೆರಳನ್ನು ನಮ್ಮ ಮೂಗಿನ ಹತ್ತಿರಕ್ಕೇ ತಂದು, "ನೋಡ್ಕೊ, ಇದು ನನ್ ಸರ್ಟಿಫಿಕೇಟು. ಸರ್ಕಾರ ಕೊಟ್ಟಿದ್ದಲ್ಲ, ಸೂಜಿ ಕೊಟ್ಟಿದ್ದು. ನಿಂಗಿದು ಬ್ಯಾಡ. ಸೂಜಿ ಅಲ್ಲಿರ್ಲಿ, ಬೆಳ್ಳು ಇಲ್ಲಿರ್ಲಿ. ಎರಡಕ್ಕೂ ನೆಂಟಸ್ತನ ಬ್ಯಾಡ" ಎನ್ನುತ್ತಿದ್ದರು. ಅಷ್ಟು ಹೇಳಿ ಆ ಬೆರಳಿನಿಂದಲೇ ನಮ್ಮ ಹಣೆಗೊಂದು ಸಣ್ಣ ಏಟು ಕೊಡುತ್ತಿದ್ದರು. ಅಲ್ಲಿಗೆ ಪಾಠ ಶುರುವಾಯಿತೆಂದು ಅರ್ಥ.

ಅವರದು ಗುಂಡ್ಲುಪೇಟೆ. ಐವತ್ತು ದಾಟಿದ, ಕುಳ್ಳನೆಯ, ಗಟ್ಟಿ ಹೆಂಗಸು. ಬಸ್ಸಿನಲ್ಲಿ ಬರುವಾಗ ಬುರ್ಖಾ ಹಾಕಿರುತ್ತಿದ್ದರು. ಮನೆಯೊಳಗೆ ಬಂದ ಕೂಡಲೇ ಅದನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಚೀಲದ ಮೇಲಿಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತುಬಿಡುತ್ತಿದ್ದರು. ಚೀಲದಲ್ಲಿ ನಾಲ್ಕೈದು ಸ್ಕ್ರೂಡ್ರೈವರ್, ಉದ್ದ ಮೂತಿಯ ಎಣ್ಣೆ ಡಬ್ಬಿ, ಸವೆದುಹೋದ ಹಲ್ಲುಜ್ಜುವ ಬ್ರಷ್ಷು, ನಟ್ಟು ಬೋಲ್ಟುಗಳ ಹಳೆಯ ತಗಡಿನ ಡಬ್ಬ. ಮೈಗೆಲ್ಲ ಮಿಷನ್ ಎಣ್ಣೆಯ ವಾಸನೆ. ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ತಿರುಗಿ ನೋಡುತ್ತೇನೆ.

ಅವರನ್ನು ನಾನು ಮೊದಲು ನೋಡಿದ್ದು ಹರದನಹಳ್ಳಿಯಲ್ಲಿ, ನಮ್ಮ ಎದುರುಮನೆಯ ಜಗಲಿಯ ಮೇಲೆ. ಆಗ ಅವರು ಬೈಯುತ್ತಿದ್ದರು. ಎದುರುಮನೆಯ ಪುಟ್ಟತಾಯಮ್ಮನ ಮಿಷನ್ ಜಗ್ಗದೆ ನಿಂತಿತ್ತು. ಚಕ್ರ ಬಿಗಿಯಾಯಿತೆಂದು ಪುಟ್ಟತಾಯಮ್ಮ ಅದರ ತೂತುಗಳಿಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಅದು ಒಳಗೆ ಹೆಪ್ಪುಗಟ್ಟಿ ಅಂಟಾಗಿತ್ತು.

"ತಲೆಗೆ ಹಚ್ಚೋ ಎಣ್ಣೆನ ಮಿಷನ್‌ಗೆ ಬುಟ್ಟಿದ್ದೀಯಲ್ಲವ್ವ! ಜಡೆ ಹೆಣ್ದು ಹೂವ ಮುಡ್ಸನ ಅಂತಿದ್ಯಾ?"

ಬೀದಿಯ ಹೆಂಗಸರೆಲ್ಲ ನಕ್ಕರು. ಪುಟ್ಟತಾಯಮ್ಮನೂ ನಕ್ಕಳು. ನಾನು ನಮ್ಮ ಬಾಗಿಲಿನಿಂದಲೇ ನೋಡುತ್ತಿದ್ದೆ. ನಾನು ಹೆಚ್ಚಾಗಿ ಬಾಗಿಲಿನಿಂದಲೇ ಎಲ್ಲವನ್ನೂ ನೋಡುತ್ತಿದ್ದೆ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸಣ್ಣದಾಯಿತು. ಮೊಣಕಾಲಿನ ಮೇಲೆ ಕೈ ಊರಿಕೊಂಡು ನಡೆಯಬೇಕು. ಹಾಗೆ ನಡೆಯುವುದನ್ನು ನಾಲ್ಕು ಜನ ನೋಡುತ್ತಾರೆಂದು ಹೊಸ್ತಿಲು ದಾಟುತ್ತಿದ್ದುದೇ ಕಡಿಮೆ.

ನನ್ನನ್ನು ಮಗನಿಗೆ ತಂದುಕೊಂಡವರು ಸೋದರತ್ತೆ ಗೌರಮ್ಮಣ್ಣಿ. ಉಡಿಗಾಲದಲ್ಲಿದ್ದ ನಮ್ಮಪ್ಪ ಸಾಯುವಾಗ, "ನನ್ ಮಗ್ಳ ನಿನ್ ಮನಗೆ ಕರ್ಕೊ" ಎಂದು ತಂಗಿಯ ಕೈ ಹಿಡಿದು ಕೇಳಿದ್ದರಂತೆ. ಅತ್ತೆ ಮಾತು ಉಳಿಸಿಕೊಂಡರು. ಆದರೆ ಉಳಿಸಿಕೊಂಡದ್ದನ್ನು ಮರೆಯಲೂ ಇಲ್ಲ, ನನಗೆ ಮರೆಯಲು ಬಿಡಲೂ ಇಲ್ಲ. ಊಟಕ್ಕೆ, ಬಟ್ಟೆಗೆ ಕೊರತೆ ಮಾಡಿದವರಲ್ಲ. "ಅವ್ಳ ಕೈಲಿ ಆಗಲ್ಲ ಬುಡಿ" ಎಂಬ ಒಂದು ಮಾತು ಮಾತ್ರ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅರಿಶಿನ ಬೇಯಿಸಲು ನನ್ನ ಕೈಲಿ ಆಗುವುದಿಲ್ಲ, ನೀರು ತರಲು ಆಗುವುದಿಲ್ಲ, ಮಗಳನ್ನು ಅಂಗನವಾಡಿಗೆ ಬಿಟ್ಟು ಬರಲು ಆಗುವುದಿಲ್ಲ. ಕೇಳಿ ಕೇಳಿ ನಾನೂ ಅದನ್ನೇ ನಂಬಿದ್ದೆ.

ಕೊಬ್ಬರಿ ಎಣ್ಣೆಯ ಅಂಟು ಬಿಡಿಸಲು ಸೀಮೆಎಣ್ಣೆ ಬೇಕಾಗಿ ಶಂಶಾದಮ್ಮ ನಮ್ಮ ಮನೆಗೆ ಬಂದರು. ಅತ್ತೆ ಒಳಗೆ ಹೋಗಿ ಬಾಟಲಿ ತರುವಷ್ಟರಲ್ಲಿ ಅವರ ಕಣ್ಣು ಪಡಸಾಲೆಯ ಮೂಲೆಗೆ ಹೋಯಿತು. ಅಲ್ಲಿ ಅರಿಶಿನದ ಚೀಲಗಳ ಕೆಳಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು.

"ಅದು ಮಿಷನ್ ಅಲ್ವೇನಮ್ಮ?" ಎಂದರು. "ಪೆಟ್ಗೆ ಮೇಲೆ ಬಾಣದ ಗುರ್ತು ನೆಲ ನೋಡ್ತಾ ಅದೆ. ತಲೆಕೆಳಗಾಗಿ ನಿಲ್ಸಿದ್ದೀರಲ್ಲ! ಎಷ್ಟು ವರ್ಷ ಆಯ್ತು?"

"ಐದು" ಎಂದೆ.

ಅದು ಮದುವೆಗೆ ನನ್ನ ಅಣ್ಣ ಕೊಟ್ಟ ಉಡುಗೊರೆ. ಕೂತು ಮಾಡುವ ಕೆಲಸ, ತಂಗಿಗೆ ಆದೀತು ಎಂದು ತಂದಿದ್ದ. ಪೆಟ್ಟಿಗೆಯ ಬಾಯನ್ನೂ ಬಿಚ್ಚಿರಲಿಲ್ಲ. ಸೀಮೆಎಣ್ಣೆ ತಂದ ಅತ್ತೆ ನನ್ನ ಪರವಾಗಿ ಉತ್ತರ ಕೊಟ್ಟರು. "ಅವ್ಳ ಅಣ್ಣ ತಂದಾಕ್ದ ಕಣಮ್ಮ. ಅದು ಕಾಲಲ್ಲಿ ತುಳಿಯೋ ಮಿಷನ್ನು. ಇವ್ಳಿಗಿರೋದು ಒಂದೇ ಕಾಲು. ಏನ್ ಮಾಡನ ಏಳಿ?"

ಅತ್ತೆ ಅದನ್ನು ನೋಯಿಸಲು ಹೇಳಲಿಲ್ಲ. ಸೊಪ್ಪಿನ ಬೆಲೆ ಹೇಳುವ ಹಾಗೆ ಹೇಳಿದರು. ಸಾಮಾನ್ಯವಾಗಿ ಇಂಥ ಮಾತು ಕೇಳಿದವರು "ಅಯ್ಯೋ ಪಾಪ" ಎಂದು ನಾಲಿಗೆ ಲೊಚಗುಟ್ಟಿ ನನ್ನ ಎಡಗಾಲು ನೋಡುತ್ತಾರೆ. ಶಂಶಾದಮ್ಮ ಲೊಚಗುಟ್ಟಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, "ಚೆನ್ನಾಗಿರೋ ಕಾಲು ಯಾವ್ದವ್ವ?" ಎಂದು ಕೇಳಿದರು.

ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಲಗಾಲು ಮುಂದೆ ಚಾಚಿ ತೋರಿಸಿದೆ.

ಮುಂದಿನ ವಾರ ಅವರು ಹೇಳಿದ ದಿನವೇ ಬಂದರು. ನನ್ನ ಯಜಮಾನರು ಪೆಟ್ಟಿಗೆಯನ್ನು ಪಡಸಾಲೆಯ ನಡುವೆ ತಂದಿಟ್ಟು ಗೂಡ್ಸ್ ಆಟೋ ತೆಗೆದುಕೊಂಡು ಬಾಡಿಗೆಗೆ ಹೋದರು. ಶಂಶಾದಮ್ಮ ಪೆಟ್ಟಿಗೆ ಬಿಚ್ಚಿ ಎಲ್ಲ ಸಾಮಾನನ್ನೂ ಒಂದು ಗೋಣಿತಾಟಿನ ಮೇಲೆ ಸಾಲಾಗಿ ಜೋಡಿಸಿದರು. ಕಬ್ಬಿಣದ ಎರಡು ಕಾಲು, ತುಳಿಯುವ ಪೆಡಲು, ದೊಡ್ಡ ಚಕ್ರ, ಮರದ ಹಲಗೆ, ಮಿಷನ್ನಿನ ತಲೆ, ಚರ್ಮದ ಬೆಲ್ಟು. ಎಲ್ಲ ಸರಿಯಾಗಿದೆಯೆಂದು ನೋಡಿಕೊಂಡು ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟು ತಾವು ಗೋಡೆಗೊರಗಿ ಕೂತರು.

"ನಂಗೆ ಬರಲ್ಲ" ಎಂದೆ.

"ನಾನು ಕೂರ್ಸ್‌ಕೊಟ್ರೆ ನಾಳೆ ಒಂದು ಸ್ಕ್ರೂ ಸಡ್ಲ ಆದ್ರೂ ಗುಂಡ್ಲುಪೇಟೆಗೆ ಫೋನ್ ಮಾಡ್ತೀಯ. ನೀನೇ ಕೂರ್ಸುದ್ರೆ ಅದ್ರ ಹೊಟ್ಟೆ ಒಳ್ಗೆ ಏನೈತೆ ಅಂತ ನಿಂಗೆ ಗೊತ್ತಿರ್ತದೆ. ಇಡ್ಕೊ."

ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಮೂರಾಯಿತು. ಕಾಲುಗಳನ್ನು ನಿಲ್ಲಿಸಿ, ಅಡ್ಡಪಟ್ಟಿ ಬಿಗಿದು, ಹಲಗೆ ಕೂರಿಸಿದೆ. ಒಂದು ಮೂಲೆ ಅಲ್ಲಾಡುತ್ತಿತ್ತು. ನಮ್ಮ ನೆಲವೇ ಏರುಪೇರು. ಅಲ್ಲಾಡುವ ಕಾಲಿನ ಕೆಳಗೆ ರಟ್ಟನ್ನು ಮಡಿಸಿ ಇಡಲು ಹೇಳಿದರು. "ಮಿಷನ್ ಕುಣಿದ್ರೆ ಹೊಲಿಗೆನೂ ಕುಣೀತದೆ" ಎಂದರು. ಒಂದು ಬೋಲ್ಟು ಉಲ್ಟಾ ಹಾಕಿದೆ. ಅವರು ನೋಡುತ್ತಲೇ ಇದ್ದರು, ಹೇಳಲಿಲ್ಲ. ಪೆಡಲು ಸಿಕ್ಕಿಹಾಕಿಕೊಂಡಾಗ, "ಈಗ ಗೊತ್ತಾಯ್ತಾ? ಬಿಚ್ಚು" ಎಂದರು. ಕೊನೆಗೆ ಬೆಲ್ಟನ್ನು ಹಲಗೆಯ ತೂತಿನಿಂದ ಇಳಿಸಿ ಕೆಳಗಿನ ದೊಡ್ಡ ಚಕ್ರವನ್ನು ಸುತ್ತಿಸಿ ಕೊಕ್ಕೆ ಹಾಕಿದಾಗ ನನ್ನ ಕೈ, ಮುಖ, ಸೆರಗು ಎಲ್ಲ ಎಣ್ಣೆ. ಅತ್ತೆ ಎರಡು ಸಲ ಬಂದು ನೋಡಿ ಒಳಗೆ ಹೋದರು.

ಸೂಜಿ ಇಲ್ಲದೆ, ದಾರ ಇಲ್ಲದೆ ಬರೀ ತುಳಿಯಲು ಹೇಳಿದರು ಶಂಶಾದಮ್ಮ. ಎಡಗಾಲನ್ನು ಪಕ್ಕಕ್ಕೆ ಒಂದು ಮಣೆಯ ಮೇಲಿಟ್ಟುಕೊಂಡೆ. ಬಲಗಾಲಲ್ಲಿ ಪೆಡಲನ್ನು ಒತ್ತಿದೆ. ಅದು ಕೆಳಗೆ ಹೋಯಿತು, ಅಲ್ಲೇ ನಿಂತಿತು. ಚಕ್ರವನ್ನು ಕೈಯಿಂದ ತಳ್ಳಿ ಮತ್ತೆ ಒತ್ತಿದೆ. ಎರಡು ಸುತ್ತು ಸುತ್ತಿ ಹಿಂದಕ್ಕೆ ತಿರುಗಿತು. ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಾಗುತ್ತದೆ. ಎರಡು ಕಾಲಿರುವವರಿಗೆ ಒಂದು ಕಾಲು ಒತ್ತುವಾಗ ಇನ್ನೊಂದು ಎತ್ತಿಕೊಡುತ್ತದೆ. ನನಗೆ ಎತ್ತಿಕೊಡಲು ಯಾವುದೂ ಇರಲಿಲ್ಲ. ಹಳ್ಳಿಯಲ್ಲಿ ಹಗಲು ಕರೆಂಟ್ ಇರುತ್ತಿದ್ದದ್ದೇ ಅಪರೂಪವಾದ್ದರಿಂದ ಮೋಟಾರಿನ ಮಾತೂ ಇರಲಿಲ್ಲ. ಅರ್ಧ ಗಂಟೆ ತುಳಿದೆ. ಆಮೇಲೆ ಹಲಗೆಯ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ.

ಶಂಶಾದಮ್ಮ ಸಮಾಧಾನ ಹೇಳಲಿಲ್ಲ. ನೆಲದ ಮೇಲೆ ಕೂತು ನನ್ನ ಪಾದವನ್ನೇ ನೋಡುತ್ತಿದ್ದರು. ಗೇಣು ಹಾಕಿ ಅಳೆದರು. "ಒತ್ತೋಕೆ ಬರ್ತದೆ, ಎತ್ತೋಕೆ ಬರಲ್ಲ. ತೊಂದ್ರೆ ಅಷ್ಟೇ" ಎಂದು ಹೇಳಿ, ಬುರ್ಖಾ ಹಾಕಿಕೊಂಡು ಬಸ್ಸಿಗೆ ಹೊರಟುಹೋದರು.

ಅವರು ಮತ್ತೆ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಹತ್ತು ದಿನ ಬಿಟ್ಟು ಬಂದರು. ಚೀಲದಿಂದ ಒಂದು ಒಂಟಿ ಚಪ್ಪಲಿ ತೆಗೆದರು. ಬಲಗಾಲಿನದು, ದಪ್ಪ ಚರ್ಮದ್ದು, ಮುಂದೆ ಅಗಲವಾದ ಪಟ್ಟಿ, ಹಿಂದೆ ಹಿಮ್ಮಡಿಗೆ ಇನ್ನೊಂದು ಪಟ್ಟಿ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರಿಂದ ಅಳತೆ ಕೊಟ್ಟು ಮಾಡಿಸಿದ್ದರು. "ಇನ್ನೊಂದು ಎಲ್ಲವ್ವ ಅಂತ ಅವನು ಕೇಳ್ದ. ಇನ್ನೊಂದು ಬ್ಯಾಡ ಕಣಪ್ಪ, ಇದು ನಡಿಯೋಕಲ್ಲ ಅಂದೆ. ನನ್ ಮುಖಾನೇ ನೋಡ್ದ" ಎಂದು ನಕ್ಕರು. ಕಬ್ಬಿಣದ ಪೆಡಲಿನಲ್ಲಿ ಜಾಲರಿಯ ಹಾಗೆ ತೂತುಗಳಿರುತ್ತವೆ. ಚಪ್ಪಲಿಯನ್ನು ಪೆಡಲಿನ ನಡುವೆ ಇಟ್ಟು, ಅಟ್ಟೆಯಿಂದ ಆ ತೂತುಗಳಿಗೆ ನಾಲ್ಕು ಬೋಲ್ಟು ಇಳಿಸಿ ಕೆಳಗಿನಿಂದ ನಟ್ಟು ಬಿಗಿದರು. ಈಗ ಕಾಲು ತೂರಿಸಿದರೆ ಒತ್ತಲೂ ಬರುತ್ತಿತ್ತು, ಪಟ್ಟಿಯ ಬಲದಿಂದ ಮೇಲಕ್ಕೆ ಎತ್ತಲೂ ಬರುತ್ತಿತ್ತು.

ಚಕ್ರವನ್ನು ಕೈಯಿಂದ ನನ್ನ ಕಡೆಗೆ ಒಮ್ಮೆ ತಿರುಗಿಸಿ ತುಳಿದೆ. ಅದು ತಿರುಗಿತು. ಮತ್ತೆ ತಿರುಗಿತು. ನಿಲ್ಲಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಪೆಡಲಿನ ಮೇಲೆ ಚಪ್ಪಲಿ ಕಂಡು ಅವರ ಮುಖ ಕೆಂಪಾಯಿತು.

"ಏನಿದು? ಪೂಜೆ ಮಾಡೋ ಮಿಷನ್‌ಗೆ ಚಪ್ಲಿ ಒಡ್ದಿದ್ದೀರಾ? ಮನೆ ಒಳಗೆ, ದೇವ್ರ ಗೂಡಿನ ಎದುರ್ಗೆ? ಮೊದ್ಲು ತಗೀರಿ ಅದ್ನ!"

ನಾನು ಹೆದರಿ ಕಾಲು ಎಳೆದುಕೊಂಡೆ. ಶಂಶಾದಮ್ಮ ಎದ್ದು ನಿಂತರು. ಜಗಳಕ್ಕೆ ನಿಲ್ಲುತ್ತಾರೆ ಅಂದುಕೊಂಡೆ. ಅವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅವರ ದನಿ ತಗ್ಗಿತ್ತು.

"ಅಮ್ಮ, ಇದು ಹೊಸ್ದು. ಮಣ್ಣು ಮುಟ್ಟಿಲ್ಲ, ಬೀದಿ ಕಂಡಿಲ್ಲ. ನಮ್ಮಲ್ಲೂ ಕಸುಬಿನ ಸಾಮಾನಿಗೆ ಕಾಲು ತಾಗುದ್ರೆ ಕಣ್ಣಿಗೊತ್ಕೋತೀವಿ. ನಂಗೆ ಗೊತ್ತಿಲ್ವಾ? ಇದ್ನ ಚಪ್ಲಿ ಅಂತ ನೋಡ್ಬ್ಯಾಡಿ. ಈ ಕೂಸಿನ ಇನ್ನೊಂದು ಕಾಲು ಅಂದ್ಕೊಳಿ."

ಅತ್ತೆ ಅಂದು ಟೀಯನ್ನೂ ಕೊಡಲಿಲ್ಲ. ಶಂಶಾದಮ್ಮ ನೀರು ಕುಡಿದು ಹೊರಟರು. ಅತ್ತೆ ಹಲವಾರು ದಿನ ಮಿಷನ್ ಇದ್ದ ಕಡೆ ತಿರುಗಿಯೂ ನೋಡದೆ ಓಡಾಡಿದರು. ಆದರೆ ತೆಗೆಸಲಿಲ್ಲ. ಆ ವರ್ಷದ ಆಯುಧಪೂಜೆಯ ದಿನ ಕುಡುಗೋಲು, ಗುದ್ದಲಿ, ಆಟೋ ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟು, ಕೊನೆಗೆ ಮಿಷನ್ ಹತ್ತಿರ ಬಂದರು. ತಲೆಗೆ ವಿಭೂತಿ ಬಳಿದರು. ಚಕ್ರಕ್ಕೆ ಕುಂಕುಮ ಇಟ್ಟರು. ಆಮೇಲೆ ಬಗ್ಗಿ ಪೆಡಲನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಬೆರಳನ್ನು ಮತ್ತೆ ಕುಂಕುಮದಲ್ಲಿ ಅದ್ದಿ ಚಪ್ಪಲಿಯ ಪಟ್ಟಿಯ ಮೇಲೊಂದು ಬೊಟ್ಟಿಟ್ಟರು. "ಓಗ್ಲಿ, ಅದೂ ಗೇಯ್ತದಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಮುಂದೆ ಹೋದರು.

ದಾರ ಪೋಣಿಸುವುದನ್ನು ಶಂಶಾದಮ್ಮ ಕಲಿಸುತ್ತಿದ್ದ ರೀತಿ ಈ ಸೀಮೆಯಲ್ಲಿ ಅವರ ಹತ್ತಿರ ಕಲಿತ ಎಲ್ಲ ಹೆಂಗಸರಿಗೂ ನೆನಪಿದೆ. "ದಾರ ಅಂದ್ರೆ ಬಸ್ಸು" ಎನ್ನುತ್ತಿದ್ದರು. ರೀಲು ಇರುವುದು ಗುಂಡ್ಲುಪೇಟೆ. ಅಲ್ಲಿಂದ ಹೊರಟರೆ ತೆರಕಣಾಂಬಿ, ಅಂದರೆ ದಾರವನ್ನು ಹಿಡಿದು ಬಿಗಿ ಮಾಡುವ ಎರಡು ಬಿಲ್ಲೆ. ಅಲ್ಲಿಂದ ಮೇಲೆ ಕೆಳಗೆ ಕುಣಿಯುವ ಕೊಂಡಿ ಚಾಮರಾಜನಗರ. ಸೂಜಿಯ ಕಣ್ಣು ಸಂತೆಮರಹಳ್ಳಿ. "ಒಂದು ಸ್ಟಾಪ್ ನಿಲ್ಲಿಸ್ದೆ ಓದ್ರೆ ಪ್ಯಾಸೆಂಜರ್ ಬುಡ್ತಾನಾ? ಗಲಾಟೆ ಮಾಡ್ತಾನೆ. ದಾರನೂ ಅಂಗೇ ಕಣವ್ವ." ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾದರೆ ನಾವು ಫೋನಿನಲ್ಲಿ, "ಗಂಟಾಗ್ತದೆ ಅಮ್ಮ" ಎನ್ನುತ್ತಿದ್ದೆವು. ಆ ಕಡೆಯಿಂದ ಮೊದಲು ಬರುತ್ತಿದ್ದ ಪ್ರಶ್ನೆ, "ತೆರಕಣಾಂಬಿಲಿ ನಿಲ್ಸಿದ್ಯಾ?"

ಅವರು ಈ ಕಸುಬಿಗೆ ಬಂದದ್ದು ಗಂಡನಿಂದ. ಅವರ ಯಜಮಾನರು ಬಾಷಾ ಸಾಬರು ಗುಂಡ್ಲುಪೇಟೆಯಲ್ಲಿ ಮಿಷನ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು. ನಲವತ್ತೈದು ದಾಟುವಷ್ಟರಲ್ಲಿ ಅವರ ಕೈ ನಡುಗುವ ಕಾಯಿಲೆ ಬಂತು. ಸ್ಕ್ರೂವಿನ ತಲೆಯ ಮೇಲೆ ಸ್ಕ್ರೂಡ್ರೈವರ್ ನಿಲ್ಲುತ್ತಿರಲಿಲ್ಲ. ಅಲ್ಲಿಯವರೆಗೆ ಪಕ್ಕದಲ್ಲಿ ಟಾರ್ಚ್ ಹಿಡಿದು ಕೂರುತ್ತಿದ್ದ ಶಂಶಾದಮ್ಮ ಒಂದು ದಿನ ಟಾರ್ಚನ್ನು ಗಂಡನ ಕೈಗೆ ಕೊಟ್ಟು ಸ್ಕ್ರೂಡ್ರೈವರ್ ತಾವು ತೆಗೆದುಕೊಂಡರು. "ಲೈಟು ಅಲ್ಲಾಡ್ತಿತ್ತು. ಅಲ್ಲಾಡೋ ಲೈಟಲ್ಲೇ ಕಲ್ತೆ" ಎಂದಿದ್ದರು ನನಗೆ. ಪೇಟೆಯ ಟೈಲರುಗಳು ಹೆಂಗಸಿನ ಕೈಗೆ ಮಿಷನ್ ಕೊಡಲು ಒಪ್ಪಲಿಲ್ಲ. ಅಂಗಡಿಗೆ ಬರುವವರು ನಿಂತೇ ಹೋದರು. ಆಗ ಅವರು ಹಳ್ಳಿಗಳ ದಾರಿ ಹಿಡಿದರು. ಗಂಡಸರು ಬಾರದ ಕಡೆ, ಅಡುಗೆಮನೆಯವರೆಗೂ, ನಡುಮನೆಯವರೆಗೂ ಅವರು ಹೋಗಬಹುದಿತ್ತು. ಮಂಚದ ಕೆಳಗೆ, ಅಟ್ಟದ ಮೇಲೆ, ಗೋಣಿಚೀಲದ ಹಿಂದೆ ಸುಮ್ಮನೆ ಬಿದ್ದಿದ್ದ ಎಷ್ಟೋ ಮಿಷನ್‌ಗಳನ್ನು ಅವರು ಹೊರಗೆಳೆಸಿದರು.

ಇಷ್ಟೆಲ್ಲ ಗೊತ್ತಿದ್ದ ಅವರಿಗೆ ಒಂದು ಕುಪ್ಪಸ ಹೊಲಿಯಲು ಬರುತ್ತಿರಲಿಲ್ಲ. ಇದು ನನಗೆ ತಿಳಿದದ್ದು ಮೂರು ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ನಾನು ದಿಂಬಿನ ಕವರು, ಲಂಗ, ಸೀರೆಯ ಫಾಲು, ಮಗಳ ಫ್ರಾಕು ಹೊಲಿಯುವಷ್ಟಾಗಿದ್ದೆ. ಮಗಳ ಫ್ರಾಕು ಅವರಿಗೆ ತೋರಿಸಿ, ತೋಳಿನ ಹತ್ತಿರ ಸುಕ್ಕು ಬರುತ್ತದೆ, ಏನು ಮಾಡಲಿ ಎಂದು ಕೇಳಿದೆ. ಫ್ರಾಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಸಣ್ಣ ಹುಡುಗಿಯ ಹಾಗೆ ನಾಚಿಕೊಂಡರು.

"ಅದು ನಂಗೆ ಗೊತ್ತಿಲ್ಲವ್ವ. ನಂಗೆ ಹೊಲಿಯೋಕೆ ಬರಲ್ಲ. ಮಿಷನ್ ಹೊಲಿತದಾ ಇಲ್ವಾ ಅಂತ ಒಂದು ಗೆರೆ ಹೊಲ್ದು ನೋಡ್ತೀನಿ. ಅಷ್ಟೇ."

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ನಗು ನಿಂತ ಮೇಲೆ, "ನಮ್ ನಸೀಮಾ ಮದುವೆ ಐತೆ. ಅರಿಶಿನದ ದಿನದ ಬಟ್ಟೆ ನೀನು ಹೊಲಿಬೇಕು" ಎಂದರು.

ನಸೀಮಾ ಅವರ ಒಬ್ಬಳೇ ಮಗಳು. ಗಂಡು ಕಾಡಿನಾಚೆ, ಮಲೆಯಾಳ ಸೀಮೆಯ ಸುಲ್ತಾನ್ ಬತ್ತೇರಿಯವನು. ನಾನು ಆಗುವುದಿಲ್ಲ ಎಂದೆ. ಗುಂಡ್ಲುಪೇಟೆಯಲ್ಲಿ ಒಳ್ಳೆಯ ಟೈಲರುಗಳಿದ್ದಾರೆ ಎಂದೆ. ಅವರು ಚೀಲದಿಂದ ಹಳದಿ ಬಟ್ಟೆಯ ಕಟ್ಟನ್ನು ತೆಗೆದು ಹಲಗೆಯ ಮೇಲಿಟ್ಟರು. ಆಗಲೇ ತಂದುಬಿಟ್ಟಿದ್ದರು. ಮಗಳ ಅಳತೆಯ ಒಂದು ಹಳೆಯ ಸಲ್ವಾರು ಕಮೀಜೂ ಅದರ ಜೊತೆಗಿತ್ತು.

ಆ ಬಟ್ಟೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೂರ್ಯಕಾಂತಿ ಹೂವಿನ ಬಣ್ಣ, ಮೇಲೆ ಸಣ್ಣ ಜರಿಯ ಚುಕ್ಕಿ. ಹೊಳಪು ಒಂದೇ ಕಡೆ, ಹಿಂಬದಿ ಮಾಸಲು. ಎಂಟು ದಿನ ಮುಟ್ಟಲಿಲ್ಲ. ಆಮೇಲೆ ಧೈರ್ಯ ಮಾಡಿ ಕತ್ತರಿಸಿದೆ. ಕಮೀಜಿನ ಮೈ ಚೆನ್ನಾಗಿಯೇ ಬಂತು. ತೋಳು ಕತ್ತರಿಸಿ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಎರಡೂ ಎಡಗೈಯವೇ. ಬಟ್ಟೆಯನ್ನು ಮಡಿಸುವಾಗ ತಪ್ಪಿದ್ದೆ. ಹೊಳಪು ಒಂದೇ ಕಡೆ ಇದ್ದುದರಿಂದ ತಿರುಗಿಸಿ ಹೊಲಿಯುವ ಹಾಗೂ ಇರಲಿಲ್ಲ. ಅಂಥದೇ ಬಟ್ಟೆ ಇನ್ನಷ್ಟು ಸಿಗುತ್ತದೆಯೇ ಎಂದು ನನ್ನ ಯಜಮಾನರು ಚಾಮರಾಜನಗರದ ಅಂಗಡಿಗಳನ್ನೆಲ್ಲ ತಿರುಗಿ ಬರಿಗೈಯಲ್ಲಿ ಬಂದರು. ಮದುವೆಗೆ ಉಳಿದಿದ್ದದ್ದು ಆರು ದಿನ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅತ್ತೆಗೆ, "ನಾನು ಗುಂಡ್ಲುಪೇಟೆಗೆ ಓಗ್ಬರ್ತೀನಿ" ಎಂದೆ.

"ಅವ್ನು ಬಾಡಿಗೆಗೋಗವ್ನೆ. ಯಾರ್ ಜೊತೆ ಓಯ್ತೀಯ?"

"ಒಬ್ಳೆ."

ಅತ್ತೆ ನನ್ನನ್ನೇ ನೋಡಿದರು. "ಅವ್ಳ ಕೈಲಿ ಆಗಲ್ಲ" ಎಂಬ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಬಸ್ಸಿನ ಮೆಟ್ಟಿಲು ಎತ್ತರ ಇರುತ್ತದೆ, ಕಂಡಕ್ಟರಿಗೆ ಮೊದಲೇ ಹೇಳು ಎಂದರು. ಬಟ್ಟೆಯ ಕಟ್ಟನ್ನು ತಾವೇ ಹೊತ್ತುಕೊಂಡು ಬಸ್ ನಿಲ್ಲುವ ಕಡೆಯವರೆಗೆ ಬಂದರು.

ಚಾಮರಾಜನಗರದಲ್ಲಿ ಬಸ್ ಬದಲಿಸಿದೆ. ಮೊಣಕಾಲಿಗೆ ಕೈ ಊರಿ ಮೆಟ್ಟಿಲು ಹತ್ತುವಾಗ ಹಿಂದಿದ್ದವರು ತಡವಾಯಿತೆಂದು ಗೊಣಗಿದರು. ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು. ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಆ ಎರಡು ಎಡತೋಳುಗಳನ್ನಿಟ್ಟುಕೊಂಡು, ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸಿದೆ. ಗುಂಡ್ಲುಪೇಟೆಯಲ್ಲಿ ಇಳಿದು ಕೇಳುತ್ತ ಕೇಳುತ್ತ ಅವರ ಓಣಿ ಹುಡುಕಿದೆ. ಮಿಷನ್ ರಿಪೇರಿ ಶಂಶಾದಮ್ಮ ಎಂದರೆ ಎಲ್ಲರಿಗೂ ಗೊತ್ತಿತ್ತು.

ಬಾಗಿಲು ತೆಗೆದವರು ಅವರೇ. ನಾನು ಏನೂ ಹೇಳದೆ ಎರಡೂ ತೋಳುಗಳನ್ನು ಅವರ ಮುಂದೆ ಹಿಡಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವರು ತೋಳನ್ನು ನೋಡಲಿಲ್ಲ. ನನ್ನ ಹಿಂದೆ ಬೀದಿಯನ್ನು ನೋಡಿದರು.

"ಯಾರ್ ಜೊತೆ ಬಂದೆ?"

"ಒಬ್ಳೆ ಬಂದೆ."

ಅವರು ಒಳಗೆ ತಿರುಗಿ ಗಂಡನಿಗೆ ಉರ್ದುವಿನಲ್ಲಿ ಏನೋ ಕೂಗಿ ಹೇಳಿದರು. ನನಗೆ ಅರ್ಥವಾದದ್ದು 'ಅಕೇಲಿ', ಅಂದರೆ ಒಬ್ಬಳೇ, ಎಂಬ ಒಂದು ಮಾತು. ಬಾಷಾ ಸಾಬರು ನಡುಗುವ ಕೈಯಿಂದ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು, "ಬಾಮ್ಮ, ಬಾ, ಕೂತ್ಕೊ" ಎಂದರು. ಟೀ ಬಂತು, ರಸ್ಕ್ ಬಂತು. ನಾನು ತಪ್ಪನ್ನೆಲ್ಲ ಹೇಳಿ ಮುಗಿಸಿದೆ. ನಸೀಮಾ ಎರಡು ಎಡತೋಳುಗಳನ್ನೂ ಹಾಕಿ ನೋಡಿ, ಬಲಗೈಯದು ತಿರುಚಿಕೊಂಡದ್ದನ್ನು ಕಂಡು ಬಿದ್ದು ಬಿದ್ದು ನಕ್ಕಳು. ಶಂಶಾದಮ್ಮ ನಗಲಿಲ್ಲ. ಕೆಟ್ಟ ಮಿಷನ್ನಿನ ಮುಂದೆ ಕೂರುವ ಹಾಗೆ ನೆಲದ ಮೇಲೆ ಕೂತು ಒಂದೊಂದೇ ಕೇಳಿದರು.

"ಯಾವ್ದು ಕತ್ತರಿಸಿದ್ದೀಯ?"

"ಮೈ, ತೋಳು."

"ಯಾವ್ದು ಕತ್ತರಿಸಿಲ್ಲ?"

"ಸಲ್ವಾರ್ ಕತ್ತರಿಸಿಲ್ಲ."

"ಅದಕ್ಕೆ ಎಷ್ಟು ಬಟ್ಟೆ ಬೇಕು?"

ಆ ಪ್ರಶ್ನೆ ಕೇಳಿದ ಕೂಡಲೇ ನನಗೆ ಹೊಳೆಯಿತು. ಸಲ್ವಾರಿಗೆ ನೆರಿಗೆ ಇಟ್ಟು ಅಗಲ ಮಾಡಿದರೆ ಬಟ್ಟೆಯೆಲ್ಲ ಬೇಕು. ಪ್ಯಾಂಟಿನ ಹಾಗೆ ನೇರವಾಗಿ ಕತ್ತರಿಸಿದರೆ ಒಂದು ತೋಳಿನಷ್ಟು ಉಳಿಯುತ್ತದೆ. ನಸೀಮಾಳನ್ನು ಕೇಳಿದೆ. "ಈಗ ಅದೇ ಫ್ಯಾಷನ್ ಅಕ್ಕ" ಎಂದಳು. ಅವರ ಮನೆಯ ಮಿಷನ್ನಿಗೆ ಚಪ್ಪಲಿ ಇರಲಿಲ್ಲ. ಶಂಶಾದಮ್ಮ ಸೆಣಬಿನ ಹಗ್ಗದಿಂದ ನನ್ನ ಪಾದವನ್ನು ಪೆಡಲಿಗೆ ಸಡಿಲವಾಗಿ ಕಟ್ಟಿದರು. ಅಲ್ಲೇ ಕತ್ತರಿಸಿ, ಅಲ್ಲೇ ಹೊಲಿದು, ಸಂಜೆ ನಾಲ್ಕಕ್ಕೆ ಬಟ್ಟೆ ಮುಗಿಸಿದೆ. ನಸೀಮಾ ಅದನ್ನು ತೊಟ್ಟುಕೊಂಡು ಬಂದಾಗ ಶಂಶಾದಮ್ಮ ತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಎಲ್ಲರ ಮನೆ ಮಿಷನ್ ಸರಿ ಮಾಡ್ದೆ. ನನ್ ಮಗಳಿಗೆ ಒಂದು ಬಟ್ಟೆ ಹೊಲ್ದು ಹಾಕೋಕೆ ನನ್ ಕೈಲಿ ಆಗ್ಲಿಲ್ಲ. ನೀನು ಮಾಡ್ದೆ" ಎಂದರು.

ಆಮೇಲೆ ವರ್ಷಗಳು ಬೇಗ ಬೇಗ ಹೋದವು. ನಮ್ಮ ಜಗಲಿಯೇ ನನ್ನ ಅಂಗಡಿಯಾಯಿತು. ಹರದನಹಳ್ಳಿಯ ಹೆಣ್ಣುಮಕ್ಕಳು ಕುಪ್ಪಸಕ್ಕೆ, ಚೂಡಿದಾರಕ್ಕೆ ನನ್ನಲ್ಲಿಗೇ ಬರತೊಡಗಿದರು. ಕರೆಂಟು ಸರಿಹೋಗಿ ಮೋಟಾರು ಹಾಕಿಸುವ ಮಾತು ಬಂದಾಗಲೂ ನಾನು ಹಾಕಿಸಲಿಲ್ಲ. ಬಾಷಾ ಸಾಬರು ತೀರಿಕೊಂಡರು. ಶಂಶಾದಮ್ಮನ ಮೊಣಕಾಲು ನೋವು ಹೆಚ್ಚಾಯಿತು. ಹಳ್ಳಿ ತಿರುಗುವುದು ಕಡಿಮೆಯಾಯಿತು. ಫೋನಿನಲ್ಲಿ ಮಾತ್ರ ಅದೇ ಗದರಿಕೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದಿಳಿದರು. ಗುಂಡ್ಲುಪೇಟೆಯ ಮನೆ ಖಾಲಿ ಮಾಡಿ ಬತ್ತೇರಿಗೆ, ಮಗಳ ಮನೆಗೆ ಹೋಗುವವರಿದ್ದರು. ಹೋಗುವ ಮೊದಲು ಒಂದು ಸಲ ನಿನ್ನ ಮಿಷನ್ ನೋಡಿ ಹೋಗೋಣ ಅಂತ ಬಂದೆ ಎಂದರು. ನೆಲದ ಮೇಲೆ ಕೂರಲು ಆಗಲಿಲ್ಲ. ಕುರ್ಚಿ ಹಾಕಿದೆ. ಮಿಷನ್ನಿನ ತಲೆ ಹಿಂದಕ್ಕೆ ಮಗುಚಿ, ಕನ್ನಡಕ ಮೂಗಿಗೆ ಇಳಿಸಿ, ಒಂದೊಂದೇ ತಿರುಪು ಮುಟ್ಟಿ ನೋಡಿದರು. ಬೆಲ್ಟು ಎಳೆದು ನೋಡಿದರು. ಪೆಡಲಿನ ಬೋಲ್ಟು ಅಲ್ಲಾಡಿಸಿ ನೋಡಿದರು. ಎಲ್ಲ ಬಿಗಿಯಾಗಿತ್ತು, ಎಣ್ಣೆ ಬಿದ್ದಿತ್ತು, ಬಟ್ಟೆ ತಳ್ಳುವ ಹಲ್ಲಿನ ಸಂದಿಯಲ್ಲಿ ಒಂದು ಚೂರು ಧೂಳೂ ಇರಲಿಲ್ಲ. ಅವರ ಮುಖ ಸ್ವಲ್ಪ ಸಪ್ಪಗಾಯಿತು.

"ನಂಗಿಲ್ಲಿ ಏನೂ ಕೆಲ್ಸನೇ ಇಲ್ವಲ್ಲವ್ವ" ಎಂದರು.

ಒಳಗಿನಿಂದ ಅತ್ತೆ, "ಕೆಲ್ಸ ಇಲ್ದಿದ್ರೆ ಬ್ಯಾಡ, ಉಣ್ಣೋಕ್ ಬನ್ನಿ" ಎಂದು ಕೂಗಿದರು. ಅಕ್ಕಿರೊಟ್ಟಿ, ಹಿತಕಿದವರೆಯ ಸಾರು. ಇಬ್ಬರೂ ಎದುರುಬದುರು ಕೂತು ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಮಧ್ಯಾಹ್ನದವರೆಗೆ ಮಾತಾಡಿದರು. ಹೊರಡುವಾಗ ಅತ್ತೆ ಒಂದು ಸೇರು ಅರಿಶಿನದ ಪುಡಿ ಕಟ್ಟಿಕೊಟ್ಟರು. ಬಸ್ಸು ಬಂದಾಗ ಶಂಶಾದಮ್ಮ ನನ್ನ ತಲೆ ಸವರಿ, "ಬರ್ತೀನಿ" ಎಂದರು. ಹತ್ತಿ ಕಿಟಕಿಯಿಂದ ಇಣುಕಿ ಇನ್ನೇನೋ ಹೇಳಿದರು. ಬಸ್ಸಿನ ಸದ್ದಿನಲ್ಲಿ ಕೇಳಲಿಲ್ಲ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನಸೀಮಾ ಫೋನ್ ಮಾಡಿದಳು. ಅಮ್ಮ ಹೋಗಿ ನಾಲ್ಕು ದಿನವಾಯಿತು ಎಂದಳು. ಎದೆನೋವು ಬಂದು ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು. ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ತೊಗರಿಕಾಯಿ ಸುಲಿಯುತ್ತಿದ್ದರು. ಕೈ ನಿಂತಿತು. "ಓಗ್ಬೇಕಿತ್ತು ಕಣಮ್ಮಿ ನಾವು" ಎಂದರು. ಮೊರವನ್ನು ಪಕ್ಕಕ್ಕೆ ಸರಿಸಿ, "ನಾಳೆ ಓಗನ" ಎಂದರು.

ಅತ್ತೆಗೆ ಎಪ್ಪತ್ತು ದಾಟಿದೆ. ಗುಂಡ್ಲುಪೇಟೆಯಿಂದ ಆಚೆಗೆ ಅವರು ಹೋದವರಲ್ಲ. ಬಂಡೀಪುರದ ಕಾಡಿನೊಳಗೆ ಬಸ್ಸು ಹೋಗುವಾಗ ರಸ್ತೆಯ ಪಕ್ಕ ಜಿಂಕೆಗಳನ್ನು ಕಂಡರೂ ಕಿಟಕಿಯ ಕಂಬಿ ಹಿಡಿದು ಕೂತೇ ಇದ್ದರು. ಬತ್ತೇರಿಯಲ್ಲಿ ನಸೀಮಾ ಬಸ್ ನಿಲ್ದಾಣಕ್ಕೆ ಬಂದಿದ್ದಳು. ನಮ್ಮನ್ನು ಕಂಡ ಕೂಡಲೇ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಅವರ ಬೀದಿಯ ಹೆಂಗಸರು ಬಂದು ಮಲೆಯಾಳದಲ್ಲಿ ಏನೇನೋ ಹೇಳಿದರು. ಅಮ್ಮನಿಗೆ ಭಾಷೆ ಬಾರದಿದ್ದರೂ ಇಲ್ಲಿ ಮೂರು ಮನೆಯ ಮಿಷನ್ ಸರಿ ಮಾಡಿದ್ದರು ಎಂದು ನಸೀಮಾ ಬಿಡಿಸಿ ಹೇಳಿದಳು.

ಮಣ್ಣು ಮಾಡಿದ ಜಾಗ ನೋಡಬೇಕು ಎಂದು ಅತ್ತೆ ಕೇಳಿದರು. ಹೆಂಗಸರು ಒಳಗೆ ಹೋಗುವುದಿಲ್ಲ, ಗೋಡೆಯ ಹೊರಗಿನಿಂದ ನೋಡಬಹುದು ಎಂದು ನಸೀಮಾ ಕರೆದುಕೊಂಡು ಹೋದಳು. ಗೋಡೆ ಎದೆಯೆತ್ತರ ಇತ್ತು. ಒಳಗೆ ಹಸಿರು ಹುಲ್ಲು, ಅಲ್ಲಲ್ಲಿ ಕಲ್ಲು. "ಆ ಹಲಸಿನ ಮರದ ಹತ್ರ, ಹೊಸ ಮಣ್ಣು ಕಾಣ್ತದಲ್ಲ, ಅದೇ" ಎಂದು ತೋರಿಸಿದಳು. ನಾನು ಗೋಡೆ ಹಿಡಿದು ನಿಂತೆ.

ಅತ್ತೆ ಸೆರಗು ಸರಿ ಮಾಡಿಕೊಂಡು ಆ ಮರದ ಕಡೆಗೆ ಕೈ ಮುಗಿದರು. ದೂರದಲ್ಲಿರುವವರಿಗೆ ಕೇಳಿಸಬೇಕೆನ್ನುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

"ಶಂಶಾದಮ್ಮ, ನಮ್ ಕೂಸು ಚೆನ್ನಾಗವ್ಳೆ ಕಣವ್ವ. ನೀನು ಯೋಚ್ನೆ ಮಾಡ್ಬ್ಯಾಡ."

ವಾಪಸ್ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾವು ಮೂವರೂ ಅಲ್ಲೇ ನಿಂತಿದ್ದೆವು.